ಪ್ರಯಾಣಿಕನ ನಮಾಝ್

ಗುರುವಾರ ಬೆಳಗ್ಗೆ ಒಂಬತ್ತೂವರೆಗೆ ಅರಬ್ ನಾಡಿನ ತಾಯಿಫ್‌ನ ಪೊಲೀಸ್ ಠಾಣೆಗೆ ಒಬ್ಬ ಮನುಷ್ಯ ಪ್ಲಾಸ್ಟಿಕ್ ಚೀಲದಲ್ಲಿ ಹರಿದ ಶೂ ಹಿಡಿದುಕೊಂಡು ಬಂದ. ಹೆಸರು ಡೆರಿಕ್ ಲೋಬೊ, ಮಂಗಳೂರು ಕಡೆಯವನು, ಖಮೀಸ್ ಮುಶೈತ್‌ನ ಒಂದು ಸಣ್ಣ ಖಾಸಗಿ ಕಾಲೇಜಿನ ಬಾಸ್ಕೆಟ್‌ಬಾಲ್ ಕೋಚ್. ಸಲಾಂ ಹೇಳುವಷ್ಟರಲ್ಲೇ ಅವನ ಅರಬ್ಬಿ ಖರ್ಚಾಗಿ ಹೋಯಿತು. ಇನ್‌ಸ್ಪೆಕ್ಟರ್ ಮಿಶಾಲ್ ಶೂವನ್ನೂ ಅವನನ್ನೂ ಒಮ್ಮೆ ನೋಡಿ, ಕಾನ್‌ಸ್ಟೇಬಲ್ ಆಯಿದ್‌ಗೆ ಎಂದಿನ ಮಾತು ಹೇಳಿದರು: "ಇಸ್ಮಾಯಿಲ್‌ಗೆ ಫೋನ್ ಹಾಕು."

ಭಟ್ಕಳದ ಮೊಹಮ್ಮದ್ ಇಸ್ಮಾಯಿಲ್ ತಾಯಿಫ್‌ನಲ್ಲಿ ಮಕ್ಕಳ ಬಟ್ಟೆಯ ಅಂಗಡಿ ಇಟ್ಟು ಕೂದಲು ಬೆಳ್ಳಗೆ ಮಾಡಿಕೊಂಡವರು. ಹಿಂದುಸ್ತಾನಿಗಳ ಪ್ರಕರಣ ಬಂದಾಗಲೆಲ್ಲ ಠಾಣೆಯವರಿಗೆ ಅವರೇ ದುಭಾಷಿ. ಫೋನ್ ಬಂದಾಗ ಅವರು ಅಡುಗೆಮನೆಯ ಚಾಕುವಿನಿಂದ ಬಟ್ಟೆಯ ರಟ್ಟಿನ ಪೆಟ್ಟಿಗೆ ಕೊಯ್ಯುತ್ತ ಬೈದುಕೊಳ್ಳುತ್ತಿದ್ದರು. ಗಲ್ಲಾದ ಪಕ್ಕದಲ್ಲಿ ಸದಾ ಇರುತ್ತಿದ್ದ ಹಳದಿ ಕಟ್ಟರ್ ಹಿಂದಿನ ದಿನದಿಂದ ನಾಪತ್ತೆ. ಹಾಳಾಗಿ ಹೋಗಲಿ ಎಂದು ಚಾಕು ಬಿಸಾಕಿ ಹೊರಟರು.

ಠಾಣೆಯಲ್ಲಿ ಡೆರಿಕ್‌ನನ್ನು ಕಂಡು ಅವರಿಗೆ ಆಶ್ಚರ್ಯವಾಯಿತು. ಅವನ ತಂಡದಲ್ಲೇ ಅವರ ಅಕ್ಕ ರುಕಯ್ಯಾಳ ಮಗ ಸುಫ್ಯಾನ್ ಇದ್ದ. ಸಣ್ಣ ಕಾಲೇಜುಗಳ ಪುರುಷರ ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆಂದು ಮಂಗಳವಾರ ಬಸ್ಸಿನಲ್ಲಿ ಬಂದಿಳಿದ ತಂಡ ಅದು. ಬುಧವಾರ ಸೆಮಿಫೈನಲ್ ಗೆದ್ದಿತ್ತು. ಶುಕ್ರವಾರ ಫೈನಲ್, ಶನಿವಾರ ವಾಪಸ್.

"ಎಂತ ಮಾರಾಯ, ಗೆದ್ದವರು ಪೊಲೀಸ್ ಸ್ಟೇಷನ್ನಿಗೆ ಯಾಕೆ?"

"ಈ ಶೂ ನೋಡಿ ಭಾಯ್. ಮುಜ್ತಬಾನದ್ದು. ನಿನ್ನೆ ಬಿದ್ದನಲ್ಲ, ಅದು ಬಿದ್ದದ್ದಲ್ಲ. ಬೀಳಿಸಿದ್ದು."

ಇಸ್ಮಾಯಿಲ್ ಆ ಆಟವನ್ನು ಗ್ಯಾಲರಿಯಲ್ಲಿ ಕೂತು ನೋಡಿದ್ದರು. ತಂಡದ ಬೆನ್ನೆಲುಬು ಎಂದರೆ ಹೈದರಾಬಾದಿನ ಹುಡುಗ ಮುಜ್ತಬಾ. ಅರ್ಧ ಆಟ ಮುಗಿಯುವ ಮೊದಲೇ ಅವನು ಹಾರಿ ಇಳಿಯುವಾಗ ಎಡಗಾಲಿನ ಶೂವಿನ ಅಟ್ಟೆ ಕಳಚಿ, ಮೊಣಕಾಲು ತಿರುಚಿಕೊಂಡು ಬಿದ್ದ. ಅವನ ಜಾಗಕ್ಕೆ ಇಳಿದವನು ಸುಫ್ಯಾನ್. ಕೊನೆಯ ನಿಮಿಷದಲ್ಲಿ ಗೆಲುವಿನ ಬಾಸ್ಕೆಟ್ ಹಾಕಿದವನೂ ಅವನೇ. ಇಸ್ಮಾಯಿಲ್ ಅಂಗೈ ಕೆಂಪಾಗುವವರೆಗೆ ಚಪ್ಪಾಳೆ ತಟ್ಟಿದ್ದರು.

ಡೆರಿಕ್ ಅಟ್ಟೆಯ ಅಂಚು ತೋರಿಸಿದ. ಬೆರಳುಗಳ ಕಡೆ ರಬ್ಬರು ಎಳೆ ಎಳೆಯಾಗಿ ಹರಿದಿತ್ತು. ಹಿಮ್ಮಡಿಯಿಂದ ನಡುವಿನವರೆಗೆ ನೆಟ್ಟಗೆ, ನುಣ್ಣಗೆ ಕೊಯ್ದಿತ್ತು. ಮಿಶಾಲ್ ಶೂವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ದೂರು ದಾಖಲಿಸಲು ಹೇಳಿದರು.

"ಸಾಹೇಬರೇ, ಆ ತಂಡದಲ್ಲಿ ನನ್ನ ಅಕ್ಕನ ಮಗ ಇದ್ದಾನೆ," ಎಂದು ಇಸ್ಮಾಯಿಲ್ ಮೊದಲೇ ತಿಳಿಸಿದರು.

"ಅವನ ಮೇಲೆ ಸಂಶಯ ಬಂದರೆ ಬೇರೆ ದುಭಾಷಿಯನ್ನು ಕರೆಸುತ್ತೇನೆ. ಈಗ ಎಲ್ಲರೂ ಸಾಕ್ಷಿಗಳು. ಯಲ್ಲಾ, ನಡೆಯಿರಿ."

ಹನ್ನೊಂದು ಗಂಟೆಗೆ ಕ್ರೀಡಾಂಗಣದಲ್ಲಿ ಸ್ಥಳ ಮಹಜರು ನಡೆಯಿತು. ಅಂಕಣದಿಂದ ಒಂದು ಉದ್ದನೆಯ ಓಣಿ, ಓಣಿಯ ತಿರುವಿನಲ್ಲಿ ಕುಡಿಯುವ ನೀರಿನ ಕೂಲರ್, ತಿರುವು ದಾಟಿದರೆ ಶೌಚಾಲಯ, ಆಮೇಲೆ ನಮಾಝಿನ ಕೋಣೆ. ಕೋಣೆಯ ಬಾಗಿಲಲ್ಲಿ ಚಪ್ಪಲಿ ಇಡುವ ಕಪಾಟು. ಅದರ ಅಡಿಯಲ್ಲಿ ಆಯಿದ್ ಟಾರ್ಚ್ ಬಿಟ್ಟು ನೋಡಿದಾಗ ಕಪ್ಪು ರಬ್ಬರಿನ ಸಣ್ಣ ಚೂರುಗಳು ಸಿಕ್ಕವು. ಅವನ್ನು ಲಕೋಟೆಗೆ ಹಾಕಿ ಜಪ್ತಿ ಮಾಡಲಾಯಿತು. ಕ್ಯಾಮೆರಾ ಇದ್ದದ್ದು ಓಣಿಯ ಬಾಯಿಗೆ ಮಾತ್ರ. ಕಪಾಟು ಅದಕ್ಕೆ ಕಾಣುವುದಿಲ್ಲ.

ಅಲ್ಲಿಂದ ಆಸ್ಪತ್ರೆಗೆ. ಮುಜ್ತಬಾನ ಮೊಣಕಾಲು ಊದಿ ಕುಂಬಳಕಾಯಿಯಾಗಿತ್ತು. ಡಾಕ್ಟರು ಆಪರೇಷನ್ ಎಂದಿದ್ದರು, ಮುಂದೆ ಆಡುವ ಮಾತು ಆಮೇಲೆ ಎಂದಿದ್ದರು. ಮಿಶಾಲ್ ಹಾಸಿಗೆಯ ಪಕ್ಕ ಕೂತು ಕೇಳಿದರು.

"ಶೂ ಯಾವಾಗ ಬಿಚ್ಚಿದೆ?"

"ಮಧ್ಯಾಹ್ನದ ನಮಾಝ್ ಮುಗಿಸಿ ಹಾಕಿದ್ದು ಸಾರ್. ಆಮೇಲೆ ಬಿಚ್ಚಿದ್ದು ಒಂದೇ ಸಲ, ಆಟಕ್ಕೆ ಮೊದಲು, ಇಳಿಹೊತ್ತಿನ ಅಸರ್ ನಮಾಝಿಗೆ."

"ಯಾರ ಜೊತೆಗಾದರೂ ಜಗಳ?"

"ಕೋಚ್ ಮಂಗಳವಾರ ರಾತ್ರಿ ಬೈದರು. ಬಾಲ್ ಯಾರಿಗೂ ಕೊಡುವುದಿಲ್ಲ ನೀನು, ನಿನ್ನನ್ನು ಕೂರಿಸುತ್ತೇನೆ ಅಂತ. ಆದರೆ ಅವರು ಹಾಗೆ ಮಾಡುವವರಲ್ಲ."

"ಮತ್ತೆ ಯಾರು ಮಾಡುವವರು?"

"ಗೊತ್ತಿಲ್ಲ ಸಾರ್. ಎಲ್ಲರೂ ನನ್ನವರೇ. ಬಿದ್ದಾಗ ನನ್ನನ್ನು ಹೊತ್ತುಕೊಂಡು ಹೋದದ್ದೇ ಸುಫ್ಯಾನ್. ನನ್ನ ರೂಮಿನವನು, ನಿನ್ನೆ ಇಡೀ ರಾತ್ರಿ ಇಲ್ಲೇ ಕೂತಿದ್ದ."

ಇದನ್ನು ಅರಬ್ಬಿಗೆ ತಿರುಗಿಸುವಾಗ ಇಸ್ಮಾಯಿಲ್‌ಗೆ ಎದೆ ಉಬ್ಬಿತು. ನಮ್ಮ ಹುಡುಗ ಎಂದು ಸೇರಿಸಿಬಿಡುತ್ತಿದ್ದರೇನೋ, ನಾಲಿಗೆ ಕಚ್ಚಿಕೊಂಡರು.

ಮಧ್ಯಾಹ್ನ ಕ್ಯಾಮೆರಾದ ದೃಶ್ಯ ನೋಡಿದಾಗ ಚಿತ್ರ ಬದಲಾಯಿತು. ನಮಾಝಿಗೆ ಕರೆಯುವ ಬಾಂಗ್ ಆದ ಮೇಲೆ ಎರಡೂ ತಂಡದವರು, ರೆಫರಿಗಳು, ಕಾವಲಿನವರು ಓಣಿಯೊಳಗೆ ಹೋದರು. ಹೊರಗೆ ಉಳಿದವನು ಡೆರಿಕ್ ಒಬ್ಬನೇ. ನಮಾಝ್ ನಡೆಯುವಾಗ ಅವನೂ ಎದ್ದು ಓಣಿಯೊಳಗೆ ಹೋದ, ಕೆಲವು ನಿಮಿಷಗಳ ನಂತರ ಬಂದ. ಅವನ ಕಿಟ್ಟಿನಲ್ಲಿ ಬ್ಯಾಂಡೇಜ್ ಕೊಯ್ಯುವ ಕತ್ತರಿಯೂ ಬ್ಲೇಡೂ ಇದ್ದವು. ಮಿಶಾಲ್ ಅವನ್ನು ಮೇಜಿನ ಮೇಲೆ ಇಟ್ಟರು.

"ಯಾಕೆ ಒಳಗೆ ಹೋದೆ?"

"ಹುಡುಗರ ಬಾಟಲಿಗೆ ನೀರು ತುಂಬಿಸಲಿಕ್ಕೆ."

"ಆಗ ಕಪಾಟಿನ ಹತ್ತಿರ ಯಾರಿದ್ದರು?"

"ಅಲ್ಲಿವರೆಗೆ ಹೋಗಲಿಲ್ಲ. ಕೂಲರ್ ಈಚೆಗೆ ಉಂಟಲ್ಲ."

"ಎಲ್ಲರೂ ನಮಾಝಿನಲ್ಲಿ. ನೀನೊಬ್ಬನೇ ಹೊರಗೆ. ನಿನ್ನ ಹತ್ತಿರ ಬ್ಲೇಡು. ಹಿಂದಿನ ದಿನ ಜಗಳ. ನೀನೇ ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆ?"

ಡೆರಿಕ್ ಇಸ್ಮಾಯಿಲ್ ಕಡೆ ತಿರುಗಿದ. "ಭಾಯ್, ದೂರು ತಂದವನೇ ನಾನಲ್ಲವಾ? ಸ್ವಲ್ಪ ಹೇಳಿ ಅವರಿಗೆ."

ಇಸ್ಮಾಯಿಲ್ ಹೇಳಿದರು. ಕಳ್ಳರೇ ಮೊದಲು ಕೂಗು ಹಾಕುವುದನ್ನು ತಾನು ಬೇಕಾದಷ್ಟು ನೋಡಿದ್ದೇನೆ ಎಂದರು ಮಿಶಾಲ್. ಡೆರಿಕ್‌ನನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿದರು.

ಮುಂದೆ ಆಟಗಾರರ ಹೇಳಿಕೆಗಳು. ಒಬ್ಬೊಬ್ಬರೇ ಬಂದರು, ಎಲ್ಲರದೂ ಒಂದೇ ಮಾತು: ನಮಾಝಿನಲ್ಲಿದ್ದೆವು, ಪಕ್ಕದಲ್ಲಿ ಯಾರಿದ್ದರೆಂದು ನೋಡಲಿಲ್ಲ. ನಮಾಝಿನಲ್ಲಿ ಪಕ್ಕಕ್ಕೆ ನೋಡುವವರು ಯಾರು? ಕೊನೆಯಲ್ಲಿ ಸುಫ್ಯಾನ್ ಬಂದ. ಊರಿಂದ ಬಂದು ಎರಡು ವರ್ಷ, ಅರಬ್ಬಿ ಇನ್ನೂ ಬಾಯಿಗೆ ಹತ್ತಿಲ್ಲ. ಮಾವನ ಜೊತೆ ಮನೆಮಾತು ನವಾಯತಿಯಲ್ಲೇ ಮಾತು.

"ಅಸರ್ ಹೊತ್ತಿಗೆ ಎಲ್ಲಿದ್ದೆ?" ಮಿಶಾಲ್ ಕೇಳಿದರು. ಇಸ್ಮಾಯಿಲ್ ತಿರುಗಿಸಿದರು.

"ನಮಾಝಿನಲ್ಲಿ. ಅಸರ್ ಬಾಕಿ ಇತ್ತಲ್ಲ, ಹಿಂದಿನ ಸಾಲಿನಲ್ಲಿ ನಿಂತೆ."

ಇಸ್ಮಾಯಿಲ್‌ರ ಬಾಯಿ ಅರ್ಧ ತೆರೆದು ಹಾಗೆಯೇ ನಿಂತಿತು.

ಬಾಕಿ ಇರಲಿಲ್ಲ. ಬುಧವಾರ ಮಧ್ಯಾಹ್ನ ಸುಫ್ಯಾನ್ ಅವರ ಅಂಗಡಿಗೇ ಊಟಕ್ಕೆ ಬಂದಿದ್ದ. ಭಟ್ಕಳದವರ ಪದ್ಧತಿಯಲ್ಲಿ ಪ್ರಯಾಣದಲ್ಲಿರುವವನಿಗೆ ರಿಯಾಯಿತಿ ಉಂಟು: ನಾಲ್ಕು ರಕಾತಿನ, ಅಂದರೆ ನಾಲ್ಕು ಸುತ್ತಿನ, ನಮಾಝನ್ನು ಎರಡಕ್ಕೆ ಇಳಿಸಬಹುದು, ಮಧ್ಯಾಹ್ನದ್ದನ್ನೂ ಅಸರನ್ನೂ ಒಂದೇ ಹೊತ್ತಿಗೆ ಜೋಡಿಸಿ ಮುಗಿಸಬಹುದು. ಬಂದ ದಿನ, ಹೊರಡುವ ದಿನ ಬಿಟ್ಟು ನಾಲ್ಕು ದಿನ ಒಂದೆಡೆ ಉಳಿಯುವವನಾದರೆ ಆ ರಿಯಾಯಿತಿ ಇಲ್ಲ. ಸುಫ್ಯಾನ್ ಶನಿವಾರ ಹೊರಡುವವನು, ನಡುವೆ ಮೂರೇ ದಿನ. ಅಂಗಡಿಯ ಹಿಂದಿನ ಚಾಪೆಯ ಮೇಲೆ ಅವರ ಕಣ್ಣೆದುರಿಗೇ ಎರಡು, ಮತ್ತೆ ಎರಡು ಮಾಡಿ, "ಅಸರೂ ಆಯ್ತು ಮಾಮಾ, ಇನ್ನು ಆರಾಮಾಗಿ ಆಟಕ್ಕೆ ಹೋಗಬಹುದು" ಎಂದು ನಕ್ಕಿದ್ದ. ಹೈದರಾಬಾದಿನ ಮುಜ್ತಬಾನ ಪದ್ಧತಿ ಬೇರೆ, ಅವರು ಪ್ರಯಾಣದಲ್ಲೂ ಆಯಾ ಹೊತ್ತಿಗೇ ಮಾಡುವವರು. ಅಸರಿಗೆ ಅವನು ಶೂ ಬಿಚ್ಚುತ್ತಾನೆಂದು ರೂಮಿನವನಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತು?

ಹಳದಿ ಕಟ್ಟರ್ ಕಾಣೆಯಾದದ್ದೂ ಅದೇ ಊಟದ ನಂತರ.

ಸುಫ್ಯಾನ್ ಮಾವನನ್ನು ನೋಡುತ್ತಿದ್ದ. ಹೆದರಿಕೆಯ ನೋಟವಾಗಿದ್ದರೆ ಇಸ್ಮಾಯಿಲ್ ತಡೆದುಕೊಳ್ಳುತ್ತಿದ್ದರು. ಅದು ಭರವಸೆಯ ನೋಟ. ಮಾಮಾ ಹೇಳುವುದಿಲ್ಲ ಎಂದು ಲೆಕ್ಕ ಹಾಕಿಯೇ ಹುಡುಗ ಆ ಸುಳ್ಳನ್ನು ಅವರ ಬಾಯಿಗೆ ಇಟ್ಟಿದ್ದ. ಎಳೆ ಮಗುವಾಗಿದ್ದಾಗಿನಿಂದ ಅವರು ಎತ್ತಿ ಆಡಿಸಿದ, ವೀಸಾಕ್ಕೆ ಓಡಾಡಿ ಕರೆಸಿಕೊಂಡ ಹುಡುಗ ಈಗ ಅವರನ್ನು ತನ್ನ ಪಾಲುದಾರನನ್ನಾಗಿ ಮಾಡಿಕೊಂಡು ಕೂತಿದ್ದ.

"ಅಸರ್ ಬಾಕಿ ಇತ್ತಂತೆ. ಹಿಂದಿನ ಸಾಲಿನಲ್ಲಿದ್ದನಂತೆ," ಎಂದು ಅರಬ್ಬಿಯಲ್ಲಿ ಹೇಳಿದರು.

"ಇನ್ನೇನಾದರೂ ಇದೆಯೇ?"

"ಇಲ್ಲ."

ಮಿಶಾಲ್ ಕಡತ ಮುಚ್ಚಿದರು. ಡೆರಿಕ್‌ನನ್ನು ಸಂಜೆಯೊಳಗೆ ಪ್ರಾಸಿಕ್ಯೂಷನ್ ಕಚೇರಿಗೆ ಕಳಿಸಲು ಆಯಿದ್‌ಗೆ ಅಪ್ಪಣೆಯಾಯಿತು.

ಇಸ್ಮಾಯಿಲ್ ಅಂಗಳಕ್ಕೆ ಬಂದು ನಿಂತರು. ತನ್ನ ಕೆಲಸ ಮಾತು ದಾಟಿಸುವುದು, ದಾಟಿಸಿದ್ದೇನೆ ಎಂದು ತಮಗೆ ತಾವೇ ಹೇಳಿಕೊಂಡರು. ಆಗ ಫೋನ್ ಬಂತು. ಡೆರಿಕ್‌ನ ಹೆಂಡತಿ ಬೆಲಿಂಡಾ, ಖಮೀಸ್‌ನಲ್ಲಿ ನರ್ಸು.

"ಇಸ್ಮಾಯಿಲ್ ಭಾಯ್, ಹುಡುಗರು ಫೋನ್ ಮಾಡಿದರು. ಇವರನ್ನು ಕೂರಿಸಿದ್ದಾರಂತಲ್ಲ? ಇವರು ಒಂದು ಇರುವೆಗೂ ಕೈ ಎತ್ತುವವರಲ್ಲ. ಎಂತ ಮಾಡುವುದು ಈಗ? ಅಲ್ಲಿ ನಮಗೆ ನಿಮ್ಮನ್ನು ಬಿಟ್ಟರೆ ಯಾರೂ ಇಲ್ಲ."

"ಅಳಬೇಡಮ್ಮ," ಎಂದರು ಇಸ್ಮಾಯಿಲ್. "ನಾನು ಇದ್ದೇನೆ."

ಹೇಳಿದ ಮೇಲೆ ಇನ್ನು ಬೇರೆ ದಾರಿ ಇರಲಿಲ್ಲ. ಅವರು ಒಳಗೆ ಹೋಗಿ ಮಿಶಾಲ್‌ರ ಮೇಜಿನೆದುರು ನಿಂತರು, ಕೂರಲಿಲ್ಲ.

"ಸಾಹೇಬರೇ, ಬೇರೆ ದುಭಾಷಿಯನ್ನು ಕರೆಸಿ. ನಾನು ಈಗ ಸಾಕ್ಷಿ."

ಅಂಗಡಿಯ ಚಾಪೆಯಿಂದ ಹಿಡಿದು ಕಟ್ಟರಿನವರೆಗೆ ಎಲ್ಲ ಹೇಳಿದರು. ತಾನು 'ಇಲ್ಲ' ಎಂದದ್ದು ಸುಳ್ಳು ಎಂದೂ ಹೇಳಿದರು. ಮಿಶಾಲ್ ಪೂರ್ತಿ ಕೇಳಿಸಿಕೊಂಡರು. "ಈ ಊರಲ್ಲಿ ಅಸರ್ ಹೊತ್ತಿಗೆ ಎಲ್ಲಿದ್ದೆ ಎಂದರೆ ನಮಾಝಿನಲ್ಲಿ ಎನ್ನುವುದನ್ನು ನಾನು ಎರಡನೇ ಸಲ ಕೇಳುವುದೇ ಇಲ್ಲ," ಎಂದಷ್ಟೇ ಹೇಳಿ ಟೋಪಿ ತೆಗೆದುಕೊಂಡು ಎದ್ದರು.

ಆಟಗಾರರು ಇಳಿದುಕೊಂಡಿದ್ದ ಹಾಸ್ಟೆಲಿನಲ್ಲಿ ಇಬ್ಬರು ಪಂಚರ ಎದುರು ಸುಫ್ಯಾನ್‌ನ ಚೀಲ ಬಿಚ್ಚಲಾಯಿತು. ತೊಳೆಯದ ಜೆರ್ಸಿಯ ಒಳಗೆ ಸುತ್ತಿಟ್ಟಿದ್ದ ಹಳದಿ ಕಟ್ಟರ್ ಹೊರಬಂತು. ಅಲಗು ಜಾರುವ ಸಂದಿನಲ್ಲಿ ಕಪ್ಪು ರಬ್ಬರು ಅಂಟಿತ್ತು, ಹಿಡಿಯ ಮೇಲೆ ಮಕ್ಕಳ ಅಂಗಿಯ ಬೆಲೆಯ ಚೀಟಿ ಅರ್ಧ ಉಳಿದಿತ್ತು. ಮಿಶಾಲ್ ಅದನ್ನು ಇಸ್ಮಾಯಿಲ್‌ಗೆ ತೋರಿಸಿ ಗುರುತು ಹಿಡಿಯಲು ಹೇಳಿದರು.

"ನನ್ನದೇ," ಎಂದರು ಅವರು.

ಸುಫ್ಯಾನ್ ಗೋಡೆಗೆ ಒರಗಿದ. "ಮಾಮಾ, ನೀವೇ ಹೇಳಿದ್ದಾ?"

"ನಾನೇ."

"ಅಮ್ಮನಿಗೆ ಎಂತ ಹೇಳುತ್ತೀರಿ?"

"ಅದನ್ನು ಕಟ್ಟರ್ ಕದಿಯುವ ಮೊದಲು ಯೋಚಿಸಬೇಕಿತ್ತು. ನನ್ನ ಅನ್ನ ತಿಂದು, ನನ್ನ ಚಾಪೆಯ ಮೇಲೆ ನಮಾಝ್ ಮಾಡಿ ಎದ್ದವ ನೀನು! ಆ ಪಾಪದ ಡೆರಿಕ್ ಒಳಗೆ ಹೋದರೂ ನಿನಗೆ ನಡೆಯುತ್ತಿತ್ತಾ?" ಅವರ ದನಿ ಏರಿತು. ಆಯಿದ್ ಮೆಲ್ಲಗೆ ಅವರ ಭುಜ ಹಿಡಿದ.

ಮೂರು ಗಂಟೆಗೆ ದಸ್ತಗಿರಿ ದಾಖಲಾಯಿತು. ಬೇರೆ ದುಭಾಷಿ ಬಂದ, ಹೈದರಾಬಾದಿನ ಒಬ್ಬ ಫಾರ್ಮಸಿಸ್ಟ್. ಸುಫ್ಯಾನ್ ಏನನ್ನೂ ಮುಚ್ಚಿಡಲಿಲ್ಲ. ಎಲ್ಲರೂ ಸಾಲಿನಲ್ಲಿ ನಿಲ್ಲುವವರೆಗೆ ಶೌಚಾಲಯದಲ್ಲಿದ್ದು, ಆಮೇಲೆ ಬಂದು ಕಪಾಟಿನ ಹತ್ತಿರ ಶೂ ಕೊಯ್ದಿದ್ದ. ಮುಜ್ತಬಾ ಬಂದ ವರ್ಷದಿಂದ ಅವನು ಬೆಂಚಿನ ಮೇಲೇ ಇದ್ದ. ಅಮ್ಮನಿಗೆ ಮಾತ್ರ ಪ್ರತಿ ವಾರ ಫೋನಿನಲ್ಲಿ, ಮೊದಲ ಐದರಲ್ಲಿ ನಾನೂ ಒಬ್ಬ ಎನ್ನುತ್ತಿದ್ದ. ಯಾರೂ ನೋಡದ ಆಟಗಳು, ಹೇಳಿದ್ದೇ ಸತ್ಯ. ಸೆಮಿಫೈನಲ್ ನೇರ ಪ್ರಸಾರವಾಗುತ್ತದೆಂದು ಗೊತ್ತಾದ ದಿನ ಭಟ್ಕಳದಲ್ಲಿ ರುಕಯ್ಯಾ ಕೇರಿಯ ಹೆಂಗಸರನ್ನೆಲ್ಲ, ಪಕ್ಕದ ಮನೆಯ ಶಮೀಮಾಳಿಂದ ಹಿಡಿದು ಕದಲಲಾಗದ ಆಮಿನತ್ ಅಜ್ಜಿಯವರೆಗೆ, ಟಿ.ವಿ. ಎದುರು ಕೂರಿಸುವ ಏರ್ಪಾಟು ಮಾಡಿದ್ದಳು. ಅವರೆಲ್ಲರ ಎದುರು ಬೆಂಚಿನ ಮೇಲೆ ಕೂರಲು ಅವನಿಗೆ ಧೈರ್ಯ ಬರಲಿಲ್ಲ. ಆಟಕ್ಕೆ ಮೊದಲಿನ ಓಟದಲ್ಲೇ ಅಟ್ಟೆ ಬಿಟ್ಟುಕೊಳ್ಳುತ್ತದೆ, ಅಷ್ಟು ದೊಡ್ಡ ಅಳತೆಯ ಇನ್ನೊಂದು ಶೂ ತಂಡದಲ್ಲಿಲ್ಲ, ತನ್ನನ್ನು ಇಳಿಸುತ್ತಾರೆ ಎಂದುಕೊಂಡಿದ್ದ. ಓಟದಲ್ಲಿ ಅಟ್ಟೆ ಬಿಡಲಿಲ್ಲ. ಹೇಳಲು ಆಗಲೂ ಹೊತ್ತಿತ್ತು, ಹೇಳಲಿಲ್ಲ.

ಡೆರಿಕ್‌ನನ್ನು ಬಿಟ್ಟರು. ಹೊರಗೆ ಹೋಗುವಾಗ ಅವನು ಇಸ್ಮಾಯಿಲ್‌ರ ಎರಡೂ ಕೈ ಹಿಡಿದುಕೊಂಡ. ಅವನಿಗೂ ಸುಫ್ಯಾನ್ ತಾನು ಬೆಳೆಸಿದ ಹುಡುಗನೇ.

ಅಸರಿನ ಬಾಂಗ್ ಆಯಿತು. ಮಿಶಾಲ್ ಅಂಗಿಯ ತೋಳು ಮಡಚಿಕೊಂಡು ನಮಾಝಿಗೆ ಹೊರಟರು. ಲಾಕಪ್ಪಿನ ಸರಳಿನ ಹಿಂದಿನಿಂದ ಸುಫ್ಯಾನ್ ಕರೆದ.

"ಮಾಮಾ."

ಇಸ್ಮಾಯಿಲ್ ಹೋಗಬಾರದು ಎಂದುಕೊಂಡೂ ಹೋದರು.

"ಈ ಸಲ ನಿಜವಾಗಿ ಬಾಕಿ ಉಂಟು. ಮಧ್ಯಾಹ್ನದ್ದೂ, ಅಸರೂ. ಎರಡೆರಡು ಮಾಡುವುದಾ, ನಾಲ್ಕು ನಾಲ್ಕಾ?"

ಹುಡುಗನ ಮುಖದಲ್ಲಿ ಕೊಂಕು ಇರಲಿಲ್ಲ. ನಿಜಕ್ಕೂ ಗೊತ್ತಿಲ್ಲದೆ, ಸಣ್ಣವನಿದ್ದಾಗ ಕೇಳುತ್ತಿದ್ದ ಹಾಗೆಯೇ ಕೇಳಿದ್ದ. ಇಸ್ಮಾಯಿಲ್ ಸರಳು ಹಿಡಿದುಕೊಂಡರು.

"ನಾಲ್ಕು ನಾಲ್ಕು, ಮಗಾ," ಎಂದರು. "ಶನಿವಾರದ ಬಸ್ಸು ನಿನಗಿಲ್ಲ. ಇನ್ನು ನೀನು ಇಲ್ಲಿಯವ."

ಅವರ ಜೇಬಿನಲ್ಲಿ ಫೋನ್ ಅದುರತೊಡಗಿತು. ರುಕಯ್ಯಾ. ನಾಳೆಯ ಫೈನಲ್ ಎಷ್ಟು ಗಂಟೆಗೆ ಎಂದು ಕೇಳಲು ಇರಬೇಕು.