ಮಾಮನ ಎಪಿಸೋಡ್

"ಹೇಳೇ, ನಿಮ್ಮ ಮಾಮನ್ನ ಕೊಂದಿದ್ದು ಯಾರು?"

ಊಟದ ಡಬ್ಬಿ ಮುಚ್ಚುತ್ತಿದ್ದ ಮೆಣಸಿಯ ಕೈ ನಿಂತುಹೋಯಿತು. ಕೇಳಿದವನು ಹಿಂದಿನ ಬೆಂಚಿನ ಡಿಟೆಕ್ಟಿವ್. ಒಂದು ರಬ್ಬರು ಕಳೆದರೂ ಅರ್ಧ ಕ್ಲಾಸನ್ನು ವಿಚಾರಣೆ ಮಾಡುತ್ತಾನೆ, ಅದಕ್ಕೇ ಆ ಹೆಸರು. ಮೆಣಸಿಗೆ ಮೂಗಿನ ತುದಿಯಲ್ಲೇ ಕೋಪ. ಅವಳಿಗೆ ಮೆಣಸಿ ಅಂತ ಹೆಸರಿಟ್ಟವನು ಮಾಮನೇ.

"ಯಾರೂ ಕೊಂದಿಲ್ಲ. ಮಾಮ ಕಾಣೆಯಾಗಿದ್ದಾನೆ, ಅಷ್ಟೇ."

"ಫೋನಲ್ಲಿ ಬರೋ ಆ ಕ್ರೈಂ ಎಪಿಸೋಡಲ್ಲಿ ತೋರಿಸಿದ್ರಲ್ಲ! 'ತಮ್ಮ ಮಾಯ, ಅಕ್ಕ ಮಾಲಕಿ!' ಅಂತ ಹೆಸರೇ ಇಟ್ಟಿದ್ದಾರೆ. ಅಂಗಡಿ ಆಸೆಗೆ ನಿಮ್ಮಮ್ಮನೇ ಏನೋ ಮಾಡಿರ್ಬೇಕು ಅಂತ ಕಾಮೆಂಟಲ್ಲಿ ಎಲ್ಲರೂ ಬರ್ದಿದ್ದಾರೆ. ನಾನೂ ಲೈಕ್ ಕೊಟ್ಟೆ."

ಡಿಟೆಕ್ಟಿವ್‌ನ ಅಂಗಿಯ ಎರಡು ಗುಂಡಿ ಹಾರಿದವು. ಟೀಚರ್ ಮೆಣಸಿಯನ್ನು ಬಾಗಿಲ ಹೊರಗೆ ನಿಲ್ಲಿಸಿದರು.

ಅವಳು ಹಲ್ಲು ಕಡಿಯುತ್ತಾ ನಿಂತಳು. ಏನು ದರಿದ್ರ ಎಪಿಸೋಡ್ ಅದು! ಅಮ್ಮನ ಪಾರ್ಟು ಮಾಡಿದವಳು ಉಗುರಿಗೆ ಬಣ್ಣ ಬಳಿದುಕೊಂಡು ಪಂಚರ್ ಹಾಕುತ್ತಾಳೆ. ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ನೋಡುವುದೂ ಗೊತ್ತಿಲ್ಲ. ಸ್ಪ್ಯಾನರ್ ಹಿಡಿದು ಸುಮ್ಮನೆ ಕೆಕ್ಕರಿಸುತ್ತಾಳೆ. ಹಿಂದೆ ಢಂ ಢಂ ಮ್ಯೂಸಿಕ್ಕು.

ನಡೆದದ್ದು ಇಷ್ಟು. ರಿಪೇರಿಯಾದ ಸೈಕಲ್ಲನ್ನು ಒಂದು ಸುತ್ತು ಓಡಿಸದೆ ಅವರ ಅಂಗಡಿಯಲ್ಲಿ ಯಾರಿಗೂ ಕೊಡುವುದಿಲ್ಲ. ಹೋದ ವರ್ಷ ಒಂದು ಬೆಳಗ್ಗೆ ಮಾಮ ಹಾಗೆ ಸುತ್ತು ಹೊಡೆಯಲು ಹೋದ. ಸೈಕಲ್ಲು ಬಸ್ ಸ್ಟಾಂಡಿನ ಗೋಡೆಗೆ ಒರಗಿಕೊಂಡು ಸಿಕ್ಕಿತು. ಮಾಮ ಸಿಗಲಿಲ್ಲ.

ಸಂಜೆ ಅಂಗಡಿಗೆ ಬಂದವಳೇ ಅಮ್ಮನ ಫೋನ್ ಎತ್ತಿಕೊಂಡಳು.

"ಇದನ್ನ ರಿಪೋರ್ಟ್ ಮಾಡ್ತೀನಿ. ಕ್ಲಾಸಿನ ಹುಡುಗಿಯರೆಲ್ಲ ಮಾಡ್ತಾರಂತೆ. ತೆಗೆದುಹಾಕ್ತಾರೆ."

"ಬೇಡ ಪುಟ್ಟಿ, ಇರ್ಲಿ ಬಿಡು," ಅಂದಳು ಅಮ್ಮ.

"ಇರ್ಲಾ? ನಿನ್ನ ಕೊಲೆಗಾರ್ತಿ ಅಂತಿದ್ದಾರೆ! ಮಾಮನ ಫೋಟೋ ಅವರಿಗೆ ಕೊಟ್ಟೋರು ಯಾರೋ, ಅವರ ಕೈ ಮುರೀಬೇಕು!"

ಟ್ಯೂಬ್ ಉಜ್ಜುತ್ತಿದ್ದ ಅಮ್ಮ ತಲೆ ಎತ್ತಿದಳು. "ಮುರಿ ಹಾಗಾದ್ರೆ. ಕೊಟ್ಟೋಳು ನಾನೇ."

ಮೆಣಸಿ ಬಾಯಿ ಬಿಟ್ಟಳು.

"ಲಕ್ಷ ಜನ ನೋಡ್ತಾರೆ ಅಂದ್ರು, ಕೊಟ್ಟೆ. ಹೀಗೆ ಸುಳ್ಳು ಹೆಣೀತಾರೆ ಅಂತ ನಂಗೇನು ಗೊತ್ತಿತ್ತು? ನೋಡಿದ ದಿನ ಮೈಯೆಲ್ಲ ಉರೀತು. ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ. 'ತೆಗೆದುಬಿಡ್ತೀವಿ ಅಕ್ಕಾ' ಅಂದ್ರು. ನಾನೇ ಬೇಡ ಅಂದೆ."

"ಯಾಕೆ?"

"ಕೊನೇಲಿ ಅವನ ಫೋಟೋ ಬರುತ್ತಲ್ಲ, ನಮ್ಮ ನಂಬರ್ ಜೊತೆ. ನನ್ನನ್ನ ಬೈಯೋಕೆ ಅಂತ ನೋಡಿದ್ರೂ ಅವನ ಮುಖ ನೋಡೇ ನೋಡ್ತಾರೆ. ಒಬ್ರಾದ್ರೂ ಗುರುತು ಹಿಡೀಬಹುದು."

ಮೆಣಸಿಗೆ ಅಮ್ಮನ ಮೇಲೂ ಸಿಟ್ಟು ಬಂತು. ಹೇಳದೆ ಕೇಳದೆ ಹೋದ ಮಾಮನ ಮೇಲೂ ಬಂತು. ಯಾರನ್ನು ಬೈಯಬೇಕೆಂದೇ ತಿಳಿಯದೆ ಅವಳು ಖಾಲಿ ಡಬ್ಬವೊಂದನ್ನು ಒದ್ದಳು.

ಅಷ್ಟರಲ್ಲಿ ಗಾಳಿ ಹೋದ ಸೈಕಲ್ಲನ್ನು ತಳ್ಳಿಕೊಂಡು ಡಿಟೆಕ್ಟಿವ್ ಬಂದ. ಬೀದಿಯಲ್ಲಿ ಇದ್ದದ್ದು ಇದೊಂದೇ ಪಂಚರ್ ಅಂಗಡಿ, ಪಾಪ. ಅಮ್ಮನಿಂದ ಮಾರು ದೂರ ನಿಂತ.

"ಬಾರೋ, ನಾನೇನು ಕಚ್ಚಲ್ಲ," ಅಂದಳು ಅಮ್ಮ. ಚಕ್ರ ಬಿಚ್ಚಿ, ಟ್ಯೂಬ್ ತೆಗೆದುಕೊಂಡು ಒಳಗಿದ್ದ ನೀರಿನ ತೊಟ್ಟಿಯ ಹತ್ತಿರ ಹೋದಳು.

ಮೆಣಸಿ ಅವನ ಅಂಗಿಯ ತೋಳು ಹಿಡಿದು ಮೂಲೆಗೆ ಎಳೆದಳು. "ಎಪಿಸೋಡ್ ನೋಡಿದೆ ಅಂದ್ಯಲ್ಲ. ನಮ್ಮ ಮಾಮನ ಹುಬ್ಬಿನ ಮೇಲೆ ಏನಿದೆ, ಹೇಳು."

"ಹುಬ್ಬಾ?"

"ಕೊನೇಲಿ ಫೋಟೋ ತೋರಿಸ್ತಾರಲ್ಲೋ!"

"ಓ, ಅದಾ?" ಡಿಟೆಕ್ಟಿವ್ ತಲೆ ಕೆರೆದುಕೊಂಡ. "ಅಷ್ಟೊತ್ತಿಗೆ ಕತೆ ಮುಗಿದಿರುತ್ತೆ ಕಣೇ. ಅದನ್ನ ಎಲ್ಲರೂ ಸ್ಕಿಪ್ ಮಾಡ್ತಾರೆ."

ಮೆಣಸಿಯ ಗಂಟಲಿಗೆ ದೊಡ್ಡದೊಂದು ಕೂಗು ಬಂತು. ಅವಳು ಒಳಗೆ ನೋಡಿದಳು. ಅಮ್ಮ ತೊಟ್ಟಿಯ ಮೇಲೆ ಬಗ್ಗಿ, ಟ್ಯೂಬನ್ನು ಇಂಚು ಇಂಚಾಗಿ ಒತ್ತುತ್ತಾ ಗುಳ್ಳೆ ಹುಡುಕುತ್ತಿದ್ದಳು. ಏನೂ ಕೇಳಿಸಿಕೊಂಡಿರಲಿಲ್ಲ.

ಮೆಣಸಿ ಕೂಗನ್ನು ನುಂಗಿಕೊಂಡಳು.

"ಮೆಲ್ಲಗೆ ಮಾತಾಡು," ಅಂದಳು. "ಅಮ್ಮನ ಹತ್ರ ಇದನ್ನ ಹೇಳಿದ್ಯೋ, ನೋಡು."

ವಿಡಿಯೋವನ್ನು ಕೊನೆಯವರೆಗೆ ಸರಿಸಿ, ಮಾಮನ ಮುಖ ಬಂದಲ್ಲಿ ನಿಲ್ಲಿಸಿ, ಫೋನನ್ನು ಅವನ ಕೈಗೆ ಕೊಟ್ಟಳು.

"ಈಗ ನೋಡು. ನಾನು ಸಾಕು ಅನ್ನೋವರೆಗೂ ನೋಡ್ಬೇಕು."