ಕಿಟಕಿಯಿಲ್ಲದ ಕೋಣೆ

"ಅತ್ತೆಗೆ ಕಿಟಕಿ ಯಾಕ್ರೀ ಬೇಕು? ಹೇಗಿದ್ರೂ ಅರ್ಧ ಕಣ್ಣೇ ಕಾಣಲ್ವಲ್ಲ!"

ಬಸವೇಶ್ವರನಗರದ ಆ ಮನೆಯ ಊಟದ ಮೇಜಿನ ಮೇಲೆ ಹಡಗಿನ ನಕ್ಷೆ ಹರಡಿಕೊಂಡಿತ್ತು. ಮಾತಾಡಿದವಳು ಮನೆಯ ಸೊಸೆ ಹೇಮಶ್ರೀ. ಯಾರ ಕಣ್ಣಿನ ಬಗ್ಗೆ ಮಾತಾಡಿದಳೋ ಆ ಅತ್ತೆ ಬಸವರಾಜೇಶ್ವರಿ, ಮಂಡಕ್ಕಿ ಒಗ್ಗರಣೆಯ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. ಪಾಪ, ಸೊಸೆ ನೋಡಿರಲಿಲ್ಲ ಎಂದು ಬರೆದು ಅವಳನ್ನು ಉಳಿಸಬಹುದಿತ್ತು. ಆದರೆ ಅವಳು ನೋಡಿದ್ದಳು. ನೋಡಿಯೇ ಅಂದಳು. ಮಗ ಗಿರಿರಾಜನೂ ಕೇಳಿಸಿಕೊಂಡ. ಸುಂಕದಕಟ್ಟೆಯ ತನ್ನ ಟೈಲ್ಸ್ ಅಂಗಡಿಯಲ್ಲಿ ಗಿರಾಕಿ ಒಂದು ಟೈಲಿನ ಬಣ್ಣ ಸರಿಯಿಲ್ಲ ಎಂದರೆ ಅರ್ಧ ಗಂಟೆ ವಾದಿಸುವ ಈ ಗಂಡಸು, ತಾಯಿಯ ಕಣ್ಣಿನ ವಿಷಯಕ್ಕೆ ತುಟಿ ಬಿಚ್ಚಲಿಲ್ಲ. ತನ್ನ ತಟ್ಟೆಯಲ್ಲಿ ಕಡಲೆಬೀಜ ಹುಡುಕುತ್ತಾ ಕೂತ.

ಈ ಅಲಾಸ್ಕಾ ಪ್ರವಾಸ ಹುಟ್ಟಿದ್ದು ಎಂಥ ಸಡಗರದಲ್ಲಿ! ಗೋವಿಂದರಾಜನಗರದ ಒಂದು ಮದುವೆಮನೆಯಲ್ಲಿ ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ಹೇಮಶ್ರೀ ಎಲ್ಲರಿಗೂ ಕೇಳುವಂತೆ ಸಾರಿದ್ದಳು: "ಅತ್ತೆ ಮಾವನ ಮದುವೆಯಾಗಿ ಐವತ್ತು ವರ್ಷ ಆಯ್ತಲ್ಲ, ಹಡಗಲ್ಲಿ ಕರ್ಕೊಂಡು ಹೋಗಿ ಹಿಮದ ಬೆಟ್ಟ ತೋರಿಸ್ತೀವಿ!" ಸೋದರತ್ತೆ ಯಶೋದಮ್ಮ ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ ಕಣ್ಣೊರೆಸಿಕೊಂಡರು. ಇಂಥ ಸೊಸೆ ಯಾರಿಗೆ ಸಿಗುತ್ತಾಳೆ ಎಂದರು. ಸಿಗದಿದ್ದವರೇ ಪುಣ್ಯವಂತರು!

ನಿಜ ಸಂಗತಿ ಇಷ್ಟೇ. ಹೇಮಶ್ರೀಗೆ ಮೊದಲು ಹೊಳೆದದ್ದು ಗಂಡ ಹೆಂಡತಿ ಮತ್ತು ಇಬ್ಬರು ಮಕ್ಕಳ ಪ್ರವಾಸ. ಆರು ವರ್ಷದ ಅನಘಾಳದ್ದು ತೊಂದರೆಯಿರಲಿಲ್ಲ. ಹಡಗಿನಲ್ಲಿ ಮಕ್ಕಳ ಆಟದ ಕೋಣೆ ಇರುತ್ತದೆ, ನೋಡಿಕೊಳ್ಳುವವರೂ ಇರುತ್ತಾರೆ. ಆದರೆ ಅವಳು ವಿಚಾರಿಸಿದ ಹಡಗುಗಳಲ್ಲೆಲ್ಲ ಒಂದೇ ನಿಯಮ: ಮೂರು ವರ್ಷ ತುಂಬದ ಕೂಸನ್ನು ಅಲ್ಲಿ ಬಿಡುವ ಹಾಗಿಲ್ಲ. ಕಿರಿಯವನು ಚನ್ನವೀರೇಶನಿಗೆ ಎರಡೂವರೆ. ನಾಲ್ಕು ಹಡಗುಗಳವರು ಆಗುವುದಿಲ್ಲ ಅಂದರು, ಐದನೆಯವರೂ ಅಂದರು. ಅದೇ ಸಂಜೆ ಸೊಸೆಗೆ ಅತ್ತೆ ಮಾವನ ಮದುವೆಯ ಐವತ್ತನೇ ವರ್ಷ ನೆನಪಾಯಿತು.

ಬಸವರಾಜೇಶ್ವರಿ ದಡ್ಡರಲ್ಲ, ಇದೆಲ್ಲ ಅವರಿಗೆ ಅರ್ಥವಾಗಿತ್ತು. ಆದರೂ ಒಳಗೊಳಗೇ ಕುಣಿದಾಡಿದ್ದರು. ವಿಜಯನಗರದ ಶಾಲೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಭೂಗೋಳ ಪಾಠ ಮಾಡಿದ್ದರು. ಹಿಮನದಿ ಹೇಗೆ ಹುಟ್ಟುತ್ತದೆ, ಹೇಗೆ ಬೆಟ್ಟವನ್ನೇ ಕೊರೆಯುತ್ತಾ ಕೆಳಗಿಳಿಯುತ್ತದೆ ಎಂದು ಸಾವಿರಾರು ಮಕ್ಕಳಿಗೆ ಹೇಳಿಕೊಟ್ಟವರು, ನಂದಿಬೆಟ್ಟದ ಚಳಿಗಿಂತ ಹೆಚ್ಚಿನ ಚಳಿ ಕಂಡವರಲ್ಲ! ಈಗ ಗ್ಲಾಕೋಮಾ. ಎಡಗಣ್ಣು ಹೋಗಿಯೇಬಿಟ್ಟಿತ್ತು. ಬಲಗಣ್ಣಿನ ಸುತ್ತಲಿನ ಅಂಚು ದಿನೇ ದಿನೇ ಕಪ್ಪಾಗುತ್ತಿತ್ತು. "ನೋಡೋದೇನಿದ್ರೂ ಈ ವರ್ಷ ನೋಡಿಬಿಡಿ ಅಮ್ಮಾ" ಎಂದು ಡಾಕ್ಟರು ಮೆಲ್ಲಗೆ ಹೇಳಿದ್ದರು. ಆ ಮಾತು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೇಮಶ್ರೀಗೂ ಗೊತ್ತಿತ್ತು.

ಹಾಗಿದ್ದರೆ ಕಿಟಕಿಯ ರೂಮು ಬೇಕೆಂದು ಮೊದಲೇ ಕೇಳಬಾರದಿತ್ತೇ? ಅಲ್ಲೇ ಎಡವಟ್ಟಾದದ್ದು. ದಾವಣಗೆರೆ ಕಡೆಯ ಅವರ ಮನೆತನದಲ್ಲಿ ಯಾರೂ ಮೊದಲ ಸಲಕ್ಕೇ ಬೇಕು ಅನ್ನುವುದಿಲ್ಲ. ಒಂದು ಸಲ ಬೇಡ ಅನ್ನುವುದು ಮರ್ಯಾದೆ, ಎರಡನೆಯ ಸಲ ಬೇಡ ಅನ್ನುವುದು ಸಂಕೋಚ. ಮೂರನೆಯ ಸಲ ಕೇಳಿದಾಗಲೇ ತಟ್ಟೆ ಮುಂದೆ ಬರುವುದು. ಗಿರಿರಾಜ ಬೆಳೆದದ್ದೂ ಅದೇ ಪದ್ಧತಿಯಲ್ಲಿ. ಎರಡು ವಾರದ ಹಿಂದೆ ಶೂ ಹಾಕಿಕೊಳ್ಳುತ್ತಾ, "ಅಮ್ಮಾ, ಹಡಗಲ್ಲಿ ನಿಮ್ಮಿಬ್ರಿಗೂ ಎಂಥ ರೂಮ್ ಬೇಕು?" ಎಂದು ಕೇಳಿದ್ದ. "ನಮಗೇನಪ್ಪಾ, ಎಲ್ಲಾದ್ರೂ ಆಯ್ತು" ಅಂದರು ತಾಯಿ. "ಸರಿ" ಎಂದು ಕಾರು ಹತ್ತಿದ. ಬೀಗರ ಮನೆಯಲ್ಲಿ ಎರಡು ಸಲ ಕೈ ಅಡ್ಡ ಹಿಡಿದು ಮೂರನೆಯ ಸಲಕ್ಕೆ ನಾಲ್ಕು ಹೋಳಿಗೆ ಹಾಕಿಸಿಕೊಳ್ಳುವ ಈ ಮಹಾಶಯನಿಗೆ, ತಾಯಿಯ ಒಂದು ಬೇಡ ಮಾತ್ರ ಕಲ್ಲಿನ ಮೇಲೆ ಕೆತ್ತಿದ ಬರಹವಾಯಿತು!

ಈಗ ನಕ್ಷೆ ತಂದಿದ್ದವನು ಅತ್ತಿಗುಪ್ಪೆಯ ಟ್ರಾವೆಲ್ಸ್‌ನ ಅರುಣ್ ಕುಮಾರ್. ಹೇಮಶ್ರೀ ಆರಿಸಿದ ರೂಮುಗಳನ್ನು ನೋಡಿ ಅವನೇ ತಬ್ಬಿಬ್ಬಾಗಿದ್ದ. ಗಂಡ ಹೆಂಡತಿಗೆ ಬಾಲ್ಕನಿ ಇರುವ ರೂಮು. ಅಜ್ಜ, ಅಜ್ಜಿ, ಇಬ್ಬರು ಮಕ್ಕಳಿಗೆ ಸೇರಿ ಹಡಗಿನ ನಡುಮಧ್ಯದಲ್ಲಿ, ನಾಲ್ಕು ಹಾಸಿಗೆಯ, ಕಿಟಕಿಯೇ ಇಲ್ಲದ ಕೋಣೆ.

"ಮೇಡಂ, ಉಲ್ಟಾ ಮಾಡ್ತಿದೀರ," ಅಂದಿದ್ದ. "ಹಿಮನದಿ ಮುಂದೆ ಹಡಗು ನಿಲ್ಲೋದು ಒಂದೇ ದಿನ, ಮೂರ್ನಾಲ್ಕು ಗಂಟೆ ಅಷ್ಟೇ. ಮೇಲಿನ ಡೆಕ್ಕಲ್ಲಿ ಆ ಗಾಳೀಲಿ ವಯಸ್ಸಾದವ್ರು, ಮಕ್ಳು ನಿಲ್ಲೋಕಾಗಲ್ಲ. ಅಂಥವ್ರಿಗೇ ಬಾಲ್ಕನಿ ರೂಮ್ ಕೊಡೋದು. ಅಮ್ಮಂಗೆ ಕಿಟಕಿನಾದ್ರೂ ಬೇಡ್ವಾ?"

ಅದಕ್ಕೆ ಸೊಸೆ ಕೊಟ್ಟ ಉತ್ತರವೇ ಮೊದಲು ಹೇಳಿದ ಆ ಅರ್ಧ ಕಣ್ಣಿನ ಮಾತು. ಅಷ್ಟಕ್ಕೇ ಅವಳು ನಿಲ್ಲಿಸಲಿಲ್ಲ.

"ಆ ಹೊತ್ತಿಗೆ ಚನ್ನು ಮಲಗ್ತಾನೆ. ಕತ್ತಲೆ ರೂಮಾದ್ರೆ ಒಳ್ಳೆ ನಿದ್ದೆ ಬರುತ್ತೆ. ಅತ್ತೆ ಪಕ್ಕದಲ್ಲಿರ್ತಾರೆ. ನಾವು ವಿಡಿಯೋ ಮಾಡ್ಕೊಂಡು ಬಂದು ತೋರಿಸ್ತೀವಿ ಬಿಡಿ, ದೊಡ್ಡ ಟಿವೀಲಿ."

ಬಸವರಾಜೇಶ್ವರಿ ತಟ್ಟೆಯನ್ನು ನಕ್ಷೆಯ ಮೇಲೆಯೇ ಇಟ್ಟರು.

"ನನಗೆ ಕಿಟಕಿ ಬೇಕು."

ಆ ಮನೆಯಲ್ಲಿ ಅವರು ಆ ಪದವನ್ನು ತಮಗಾಗಿ ಆಡಿದ್ದು ಅದೇ ಮೊದಲು! ಗಿರಿರಾಜ ತಲೆ ಎತ್ತಿದ.

"ಅಮ್ಮಾ… ಎಲ್ಲಾದ್ರೂ ಆಯ್ತು ಅಂತ ನೀನೇ ಅಂದಿದ್ಯಲ್ಲ?"

"ಅಂದಿದ್ದೆ ಕಣೋ. ಒಂದು ಸಲ ಅಂದಿದ್ದೆ. ಇನ್ನೊಂದು ಸಲ ಕೇಳ್ತೀಯ ಅಂತ ಎರಡು ವಾರ ಕಾದೆ… ನೀನು ಶೂ ಹಾಕ್ಕೊಳ್ವಾಗೆಲ್ಲ ಬಾಗಿಲ ಹತ್ರ ಬಂದು ನಿಂತೆ. ನೋಡಿದ್ಯಾ? ನನಗಾದ್ರೆ ಒಂದು ಕಣ್ಣಿಲ್ಲ. ನಿನಗೆ ಎರಡೂ ಇದಾವಲ್ಲಪ್ಪಾ!"

ಹೇಮಶ್ರೀಯ ಕಣ್ಣಲ್ಲಿ ತಕ್ಷಣ ನೀರು ಬಂತು. ಬೇಕಾದಾಗ ಬರುವ ನೀರು ಅದು. "ಎಷ್ಟು ಕಷ್ಟಪಟ್ಟು ಪ್ಲಾನ್ ಮಾಡ್ದೆ ನಾನು… ಎಲ್ಲಾ ನಿಮಗೋಸ್ಕರ! ಅತ್ತೆ ಬಾಲ್ಕನೀಲಿ ಕೂತ್ರೆ ಚನ್ನುನ ಯಾರು ನೋಡ್ಕೊಳ್ಳೋದು? ನಾನಾ?"

ಹೆತ್ತ ತಾಯಿಯ ಪ್ರಶ್ನೆ ಇದು! ಅರುಣ್ ಕುಮಾರ್ ನಾಚಿಕೊಂಡು ನೆಲ ನೋಡಿದ. ನಾಚಿಕೊಳ್ಳಬೇಕಾದವರು ಯಾರೂ ನೆಲ ನೋಡಲಿಲ್ಲ.

"ನಾನು ನೋಡ್ಕೋತೀನಿ."

ಎಲ್ಲರೂ ತಿರುಗಿದರು. ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಮಾವ ಸಿದ್ದಬಸಪ್ಪ ಹೊರಗೆ ಬಂದಿದ್ದರು. ಎಪ್ಪತ್ತೈದು ವರ್ಷದ, ತಾವಾಗಿ ಒಂದು ಲೋಟ ಕಾಫಿ ಕೂಡ ಮಾಡಿಕೊಳ್ಳಲು ಬಾರದ ಮನುಷ್ಯ.

"ಹಡಗಲ್ಲಲ್ಲ, ಇಲ್ಲೇ, ಈ ಮನೇಲಿ. ಕೂಸನ್ನ ನನ್ನ ಹತ್ರ ಬಿಟ್ಟು ಹೋಗಿ. ಕೆಲಸಕ್ಕೆ ಲಕ್ಷ್ಮವ್ವ ಇದಾಳೆ. ನಾನು ಬರಲ್ಲ. ಇವಳಿಗೂ ಅನಘಾಗೂ ಬಾಲ್ಕನಿ ರೂಮ್ ತಗೊಳ್ಳಪ್ಪಾ ಅರುಣ್."

"ಅಯ್ಯೋ, ಹದಿನೈದು ದಿನ ಕೂಸನ್ನ ಬಿಟ್ಟಿರೋದಾ? ಆಗುತ್ತಾ ಮಾವ!" ಎಂದು ಹೇಮಶ್ರೀ ಎದೆಯ ಮೇಲೆ ಕೈಯಿಟ್ಟುಕೊಂಡಳು. ಅವಳು ಬೇಡ ಅಂದದ್ದು ಸರಿಯಾಗಿ ಒಂದೇ ಸಲ. ಮರುಗಳಿಗೆಯಲ್ಲೇ ಕಣ್ಣೊರೆಸಿಕೊಂಡು, "ಮಾವ ಅಷ್ಟು ಪ್ರೀತಿಯಿಂದ ಹೇಳ್ತಿರುವಾಗ…" ಎಂದು ಅರುಣ್ ಕುಮಾರನತ್ತ ಪೆನ್ನು ತಳ್ಳಿದಳು.

ಬಸವರಾಜೇಶ್ವರಿ ಗಂಡನ ಹಿಂದೆಯೇ ಒಳಕೋಣೆಗೆ ಹೋದರು.

"ಬೇಡ ರೀ. ನೀವಿಲ್ದೆ ನಾನೊಬ್ಳೇ ಏನು ನೋಡ್ಲಿ?"

"ಹೋಗ್ಬಾ ರಾಜಿ."

"ಬೇಡ. ಐವತ್ತು ವರ್ಷದ ನೆಪ ಹೇಳಿ ಹೊರಟಿರೋ ಪ್ರವಾಸ… ನಿಮ್ಮನ್ನ ಬಿಟ್ಟು ಹೋದ್ರೆ ಅದಕ್ಕೇನು ಅರ್ಥ?"

"ಹೋಗ್ಬಾ. ನನ್ನ ಕಣ್ಣು ಚೆನ್ನಾಗಿದೆ, ನಾನು ಮುಂದಿನ ವರ್ಷ ನೋಡಿದ್ರೂ ಆಯ್ತು."

ಮುಂದಿನ ವರ್ಷವೆಂಬುದು ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಸಿದ್ದಬಸಪ್ಪ ಮೂರನೆಯ ಸಲ ಕೇಳಿದರು, "ಹೋಗ್ತೀಯಲ್ಲ?" ಬಸವರಾಜೇಶ್ವರಿ ಈ ಸಲ ಬೇಡ ಅನ್ನಲಿಲ್ಲ. ಗಂಡನ ಭುಜಕ್ಕೆ ಹಣೆಯಾನಿಸಿ ಅತ್ತರು… ಬಿಕ್ಕಿ ಬಿಕ್ಕಿ ಅತ್ತರು. ಸಿದ್ದಬಸಪ್ಪನವರು ಅವರ ತಲೆ ನೇವರಿಸಿದರು.

ಜೂನ್ ತಿಂಗಳಲ್ಲಿ ಹೊರಟರು. ಹಡಗಿನ ಐದನೆಯ ದಿನ ಬೆಳಿಗ್ಗೆ ಎಂಜಿನ್ನಿನ ಸದ್ದು ತಗ್ಗಿತು. ಅನಘಾ ಅಜ್ಜಿಗೆ ಎರಡು ಸ್ವೆಟರ್ ಹಾಕಿಸಿ, ಮೇಲೆ ಕಂಬಳಿ ಹೊದಿಸಿ, ಕೈ ಹಿಡಿದು ಬಾಲ್ಕನಿಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿದಳು. ಹೇಮಶ್ರೀ ಪಕ್ಕದ ಬಾಲ್ಕನಿಯಲ್ಲಿ ಹಿಮಕ್ಕೆ ಬೆನ್ನು ತಿರುಗಿಸಿ ನಿಂತು ಫೋನಿನ ಕಡೆ ನಗುತ್ತಿದ್ದಳು. ಅಷ್ಟು ದೂರ ಬಂದು ಅವಳು ನೋಡಿದ್ದು ತನ್ನ ಮುಖವನ್ನೇ.

"ಅಜ್ಜೀ, ಕಾಣಿಸ್ತಾ?"

"ತಡಿ ಕಂದಾ…" ಬಸವರಾಜೇಶ್ವರಿ ತಲೆಯನ್ನು ಎಡಕ್ಕೆ ತಿರುಗಿಸಿ, ಬಲಗಣ್ಣಿಗೆ ಉಳಿದಿದ್ದ ಅಷ್ಟಗಲದ ಬೆಳಕಿನಲ್ಲಿ ಹುಡುಕಿದರು. ಮೊದಲು ನೀರು ಸಿಕ್ಕಿತು. ಆಮೇಲೆ ನೀರಿನಿಂದ ನೇರ ಮೇಲೆದ್ದ ನೀಲಿ ಗೋಡೆ. ಸೀಳುಸೀಳಾಗಿ, ಬೆಟ್ಟದಿಂದ ಬೆಟ್ಟದವರೆಗೆ ಹಬ್ಬಿತ್ತು. ಒಂದೇ ಸಲಕ್ಕೆ ಪೂರ್ತಿ ಕಾಣುತ್ತಿರಲಿಲ್ಲ. ತುಂಡು ತುಂಡಾಗಿ ನೋಡಿ ಅವರೇ ಜೋಡಿಸಿಕೊಳ್ಳಬೇಕಿತ್ತು.

"ಕಾಣಿಸ್ತು!" ಅಂದರು. "ಅಯ್ಯೋ ಕಾಣಿಸ್ತು ಕಣೇ!"

ಆಗ ಗಿರಿರಾಜ ಬಂದ. ಅಪ್ಪನಿಲ್ಲದ ಕೋಣೆ ನೋಡಿಯೋ, ತಾಯಿಯ ಕೂಗು ಕೇಳಿಯೋ, ಮೂರು ತಿಂಗಳಿಂದ ಎಲ್ಲಿ ಬಚ್ಚಿಟ್ಟಿದ್ದನೋ ಆ ಪಶ್ಚಾತ್ತಾಪವನ್ನೆಲ್ಲ ಒಟ್ಟಿಗೇ ಹೊತ್ತು ತಂದ. ತಾಯಿಯ ಎದುರಿಗೇ ಮಂಡಿಯೂರಿ ಅವರ ಎರಡೂ ಕೈ ಹಿಡಿದುಕೊಂಡ.

"ಅಮ್ಮಾ… ನನ್ನಿಂದ ತಪ್ಪಾಯ್ತಮ್ಮಾ! ಅಪ್ಪಾಜಿನ ಬಿಟ್ಟು ಬಂದ್ವಿ… ನಾನು ಮನುಷ್ಯನೇ ಅಲ್ಲ… ಒಂದು ಮಾತಾಡಮ್ಮಾ, ಕ್ಷಮಿಸಿದೀನಿ ಅನ್ನು!"

ದೂರದಲ್ಲಿ ಗುಡುಗಿದ ಹಾಗಾಯಿತು. ಮನೆಯಷ್ಟು ದೊಡ್ಡ ಹಿಮದ ತುಂಡೊಂದು ಗೋಡೆಯಿಂದ ಕಳಚಿ ನೀರಿಗೆ ಬಿತ್ತು. ಅನಘಾ ಕಿರುಚಿದಳು. ಬಸವರಾಜೇಶ್ವರಿಗೆ ಕಂಡದ್ದು ಮಗನ ತಲೆ ಮಾತ್ರ.

ಅವರು ತಮ್ಮ ಕೈಗಳನ್ನು ಬಿಡಿಸಿಕೊಂಡರು.

"ಆಮೇಲೆ ಅಳು ಗಿರಿ," ಅಂದರು. "ಊರಿಗೆ ಹೋದ್ಮೇಲೆ ಬೇಕಾದಷ್ಟು ಹೊತ್ತು ಅಳು, ಆಗ ಕೂತು ಕೇಳ್ತೀನಿ. ನಂಗೆ ಆಗ ಬೇರೆ ಏನೂ ಕಾಣಲ್ಲ. ಈಗ ಸ್ವಲ್ಪ ಆ ಕಡೆ ಸರಿ, ಅಡ್ಡ ಬಂದಿದೀಯ."

ಗಿರಿರಾಜ ಸರಿದು ನಿಂತ.