ತಡೆಹಿಡಿದ ಬ್ಯಾಚು

"ಮೇಡಂ, ನನ್ನ ಬ್ಯಾಚ್ ಯಾಕೆ ನಿಲ್ಲಿಸಿದ್ರಿ?"

ಔಷಧಿ ಕಾರ್ಖಾನೆಯ ಕ್ವಾಲಿಟಿ ಲ್ಯಾಬಿನ ಬಾಗಿಲಲ್ಲಿ ನಿಂತವನು ಮಾತ್ರೆ ವಿಭಾಗದ ಸೂಪರ್‌ವೈಸರ್. ತಲೆಗೆ ಟೋಪಿ, ಮುಖಕ್ಕೆ ಮಾಸ್ಕ್. ಕಾಣುತ್ತಿದ್ದುದು ಸಿಟ್ಟಿನ ಕಣ್ಣುಗಳಷ್ಟೇ. ಒಳಗಿದ್ದ ಕೆಮಿಸ್ಟ್ ಹುಡುಗಿಯದೂ ಅದೇ ವೇಷ.

"ಕೂಗ್ಬೇಡಿ ಸಾರ್. ನಿಮ್ಮ ಮಾತ್ರೆ ನೀರಲ್ಲಿ ಕರಗ್ತಾ ಇಲ್ಲ. ನಿಮ್ಮ ಧ್ವನಿಗಿಂತ ಗಟ್ಟಿ."

ಅವನಿಗೆ ನಗು ಬಂತು. ಮಾಸ್ಕ್ ಅದನ್ನು ಮುಚ್ಚಿತಾದರೂ ಕಣ್ಣು ಚಾಡಿ ಹೇಳಿತು. ಅವಳು ನೋಡಿಬಿಟ್ಟಳು.

ಮ್ಯಾನೇಜರ್ ಅವನನ್ನು ತರಾಟೆಗೆ ತೆಗೆದುಕೊಂಡರು. ಅವನು ಮೆಷಿನ್ ಬಿಚ್ಚಿಸಿ, ಮಾತ್ರೆ ಅದುಮುವ ಒತ್ತಡ ಹೆಚ್ಚಾಗಿದ್ದುದನ್ನು ಸರಿಮಾಡಿಸಿ, ಹೊಸ ಮಾತ್ರೆಗಳನ್ನು ತಾನೇ ತಂದ. ಗಾಜಿನ ಪಾತ್ರೆಯೊಳಗೆ ಅವು ಮೆಲ್ಲಗೆ ಕರಗುವುದನ್ನು ಇಬ್ಬರೂ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತು ನೋಡಿದರು.

"ಪಾಸಾ?"

"ಮಾತ್ರೆ ಪಾಸು. ನಿಮ್ಮದು ಇನ್ನೂ ನೋಡ್ಬೇಕು."

ಆಮೇಲೆ ಕ್ಯಾಂಟೀನಿನಲ್ಲಿ ಅವನ ಎದುರಿನ ಕುರ್ಚಿ ಅವಳದಾಯಿತು. ಅವಳ ಕೆನ್ನೆಯ ಮೇಲೆ ಮಾಸ್ಕಿನ ದಾರ ಮೂಡಿಸಿದ ತೆಳುಗೆರೆಯನ್ನೇ ಅವನು ನೋಡುತ್ತಿದ್ದ. "ಏನು?" ಎಂದರೆ ಟೀ ಲೋಟದೊಳಗೆ ಇಣುಕುತ್ತಿದ್ದ.

ಒಂದು ಮಧ್ಯಾಹ್ನ ಅವಳು ಓಡಿಬಂದಳು. ದೂರದ ಊರಿನ ಸಂಶೋಧನಾ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಹೊಸ ಔಷಧಿ ಕಂಡುಹಿಡಿಯಬೇಕೆಂಬುದು ಓದುವಾಗಿನಿಂದ ಅವಳ ಆಸೆ.

"ಒಳ್ಳೇದಾಯ್ತು. ಹೋಗಿ," ಎಂದವನೇ ಅವನು ಎದ್ದುಹೋದ. ಅವಳ ಮುಖ ಬಾಡಿತು. ಬಾಯಿಮಾತಿಗಾದರೂ ಬೇಡ ಎನ್ನಬಾರದಿತ್ತೇ?

ಮನೆಯಲ್ಲಿ ಅವನ ಅಕ್ಕ ಬಿಡಲಿಲ್ಲ. "ಯಾಕೋ ಮುಖ ಊದಿಸ್ಕೊಂಡಿದ್ದೀಯ?" ಎಂದು ಕೆದಕಿ ಕೆದಕಿ ಕೇಳಿದಳು. ಗೊತ್ತಾದ ಮೇಲೆ ಗದರಿದಳು. "ಹೋಗ್ಬೇಡ ಅನ್ನೋದು ಬೇಡಪ್ಪ, ಸರಿ. ಇಷ್ಟ ಅನ್ನೋಕೇನು ಧಾಡಿ ನಿಂಗೆ?"

ಕಾರ್ಖಾನೆಯಲ್ಲಿ ಕೆಮಿಸ್ಟ್ ಹುಡುಗಿಯ ಕೊನೆಯ ಸಂಜೆ. ಗೇಟಿನ ಹೊರಗೆ ಕಂಪನಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅವನು ಏದುಸಿರು ಬಿಡುತ್ತ ಬಂದು ಅಡ್ಡ ನಿಂತ.

"ನೀವು ಹೋಗ್ಲೇಬೇಕು. ನನ್ನ ಮಾತು ಕೇಳಿ ಉಳಿದ್ಬಿಟ್ರೆ ಮುಂದೆ ನನ್ನ ಮುಖ ನೋಡೋಕೂ ಬೇಜಾರಾಗುತ್ತೆ. ಅದಕ್ಕೇ ಸುಮ್ಮನಿದ್ದೆ. ಆದ್ರೆ... ನೀವಂದ್ರೆ ನಂಗೆ ಪ್ರಾಣ."

ಅವಳು ಬಾಯಿ ತೆರೆಯುವ ಮೊದಲೇ ಸೇರಿಸಿದ. "ನಾನೂ ಅಲ್ಲಿಗೇ ಬರ್ತೀನಿ. ಮಾತ್ರೆ ಮಾಡೋರು ಯಾವ ಊರಿಗೆ ಬೇಡ ಹೇಳಿ?"

ಅವಳ ಕಣ್ಣು ತುಂಬಿತು, ತುಟಿ ಮಾತ್ರ ತುಂಟತನ ಬಿಡಲಿಲ್ಲ. "ಅಲ್ಲಿಗೆ ಬರೋದು ಆಮೇಲಾಯ್ತು. ಮೊದಲು ನಮ್ಮಪ್ಪನ ಹತ್ರ ಬಂದು ಮಾತಾಡಿ."

"ಈಗ್ಲೇನಾ?"

"ಮತ್ತೆ? ಇಷ್ಟು ದಿನ ಸತಾಯಿಸಿದ್ದು ಸಾಲ್ದಾ?"

ಡ್ರೈವರಿಗೆ ಹೊರಡುವಂತೆ ಕೈಬೀಸಿ, ಅವಳು ಅವನ ಬೆರಳು ಹಿಡಿದು ತನ್ನ ಮನೆಯ ದಾರಿಗೆ ತಿರುಗಿದಳು.